ಮೇಯಿಸಿ ಉಳಿಸುವ ಹುಲ್ಲುಗಾವಲು: ಖರ್ಚು ಯಾರದು, ಕಾವಲು ಯಾರದು?

ರಾಜಸ್ಥಾನದ ಭರತಪುರದಲ್ಲಿರುವ ಕೇವಲಾದೇವ್ ಜೌಗುಪ್ರದೇಶ ವಲಸೆ ಹಕ್ಕಿಗಳಿಗೆ ಹೆಸರಾದ ಜಾಗ. ಅದು ರಾಷ್ಟ್ರೀಯ ಉದ್ಯಾನವಾದ ಬಳಿಕ, 1982ರ ನವೆಂಬರ್‌ನಲ್ಲಿ ಅಲ್ಲಿ ದನ, ಎಮ್ಮೆಗಳನ್ನು ಮೇಯಿಸುವುದನ್ನು ನಿಷೇಧಿಸಲಾಯಿತು. ತಲೆಮಾರುಗಳಿಂದ ಮೇವಿಗೆ ಆ ಜಾಗವನ್ನೇ ನಂಬಿದ್ದ ಸುತ್ತಲಿನ ಹಳ್ಳಿಗರು ಪ್ರತಿಭಟಿಸಿದರು. ಪೊಲೀಸರು ಗುಂಡು ಹಾರಿಸಿದರು, ಹಲವರು ಸತ್ತರು. ಇಷ್ಟು ದೊಡ್ಡ ಬೆಲೆ ತೆತ್ತ ಮೇಲೆ ಹಕ್ಕಿಗಳಿಗಾದರೂ ಒಳಿತಾಯಿತೇ? ಆಗಲಿಲ್ಲ. ಎಮ್ಮೆಗಳು ತಿಂದು, ತುಳಿದು ಹತೋಟಿಯಲ್ಲಿಟ್ಟಿದ್ದ ಪ್ಯಾಸ್ಪಾಲಂ ಎಂಬ ನೀರುಹುಲ್ಲು ಕೆರೆ ಕುಂಟೆಗಳ ತುಂಬ ಹಬ್ಬಿತು. ತೆರೆದ ನೀರು ಕಿರಿದಾಯಿತು, ಹಕ್ಕಿಗಳು ಮೇವು ಹುಡುಕುವ ಜಾಗವೇ ಮುಚ್ಚಿಹೋಗತೊಡಗಿತು. ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ವಿಜ್ಞಾನಿಗಳು 1980ರ ದಶಕದುದ್ದಕ್ಕೂ ನಡೆಸಿದ ಅಧ್ಯಯನವು ಆ ಜೌಗಿನ ಆರೋಗ್ಯಕ್ಕೆ ಎಮ್ಮೆಗಳ ಮೇಯುವಿಕೆ ಅಗತ್ಯವಾಗಿತ್ತು ಎಂಬ ತೀರ್ಮಾನಕ್ಕೆ ಬಂತು. ಮುಂದೆ, ಹುಲ್ಲು ಕೊಯ್ದು ಒಯ್ಯಲು ಅದೇ ಹಳ್ಳಿಗರಿಗೆ ಪರವಾನಗಿ ಕೊಡಬೇಕಾಯಿತು.

ವಿಶ್ವಸಂಸ್ಥೆ 2026ನ್ನು ಹುಲ್ಲುಗಾವಲುಗಳ ಮತ್ತು ಪಶುಪಾಲಕರ ಅಂತಾರಾಷ್ಟ್ರೀಯ ವರ್ಷವೆಂದು ಘೋಷಿಸಿದ್ದರಿಂದ ಇಂಥ ಹಳೆಯ ಪಾಠಗಳು ಮತ್ತೆ ಚರ್ಚೆಗೆ ಬಂದಿವೆ. ಮೇಯುವ ಪ್ರಾಣಿಗಳು ಪ್ರಕೃತಿಯನ್ನು ಉಳಿಸಬಲ್ಲವು ಎಂಬ ಮಾತು ಈಗ ಹಲವರ ಕಿವಿಗೆ ಬಿದ್ದಿದೆ. ಅದರ ಹಿಂದಿನ ಹಣದ ಲೆಕ್ಕ ಮತ್ತು ಜನರ ದುಡಿಮೆಯ ಬಗ್ಗೆ ಮಾತ್ರ ಹೆಚ್ಚಿನವರಿಗೆ ಗೊತ್ತಿಲ್ಲ. ಈ ಬರಹ ಮುಖ್ಯವಾಗಿ ಅದನ್ನು ಕುರಿತದ್ದು.

ಮೇಯಿಸುವುದು ಸಂರಕ್ಷಣೆ ಹೇಗಾಗುತ್ತದೆ?

ಗಿಡಗಳ, ಕೀಟಗಳ, ಹಕ್ಕಿಗಳ ನೆಲೆಯನ್ನು ಅವುಗಳಿಗೆ ಒಗ್ಗುವ ಸ್ಥಿತಿಯಲ್ಲಿ ಉಳಿಸುವುದಕ್ಕಾಗಿಯೇ ದನ, ಕುರಿ, ಮೇಕೆ, ಕುದುರೆಗಳನ್ನು ಲೆಕ್ಕಾಚಾರದಿಂದ ಮೇಯಲು ಬಿಡುವುದನ್ನು ಸಂರಕ್ಷಣಾ ಮೇಯಿಸುವಿಕೆ ಎನ್ನುತ್ತಾರೆ. ಇಲ್ಲಿ ಹಾಲು, ಮಾಂಸ, ಉಣ್ಣೆ ಬಂದರೂ ಅವು ಎರಡನೆಯ ಮಾತು. ಎಷ್ಟು ಪ್ರಾಣಿ, ಯಾವ ಪ್ರಾಣಿ, ಯಾವ ತಿಂಗಳಿನಿಂದ ಯಾವ ತಿಂಗಳವರೆಗೆ ಎಂಬುದನ್ನು ನೆಲದ ಅಗತ್ಯ ನೋಡಿ ನಿರ್ಧರಿಸುತ್ತಾರೆ. ಲೆಕ್ಕ ತಪ್ಪಿ ಪ್ರಾಣಿಗಳು ಹೆಚ್ಚಾದರೆ ನೆಲ ಬರಡಾಗುತ್ತದೆ, ಮಣ್ಣು ಕೊಚ್ಚಿ ಹೋಗುತ್ತದೆ. ಅತಿಯಾಗಿ ಮೇಯಿಸಿ ಹಾಳಾದ ಬೆಟ್ಟಗಳು ಪ್ರಪಂಚದ ಎಲ್ಲೆಡೆ ಇವೆ, ಆ ಭಯ ಸುಳ್ಳಲ್ಲ. ಏನೂ ಮೇಯದಿದ್ದರೆ ಒಂದೆರಡು ಜಾತಿಯ ಬಲಿಷ್ಠ ಹುಲ್ಲುಗಳು ಉಳಿದೆಲ್ಲವನ್ನೂ ಅಡಗಿಸಿ ಬೆಳೆಯುತ್ತವೆ, ಅವುಗಳ ಹಿಂದೆ ಮುಳ್ಳು ಕುರುಚಲು ಬರುತ್ತದೆ. ಇವೆರಡರ ನಡುವಿನ ಹದವನ್ನು ಕಾಯುವುದೇ ಕೆಲಸ.

ಹುಲ್ಲನ್ನು ಯಂತ್ರದಿಂದ ಕತ್ತರಿಸಿದರೆ ಸಾಲದೇ ಎಂಬ ಪ್ರಶ್ನೆ ಸಹಜ. ಯಂತ್ರ ಎಲ್ಲವನ್ನೂ ಒಂದೇ ಎತ್ತರಕ್ಕೆ, ಒಂದೇ ದಿನದಲ್ಲಿ ಸವರಿಬಿಡುತ್ತದೆ. ಆ ಹುಲ್ಲಿನಲ್ಲಿ ಮೊಟ್ಟೆಯಿಟ್ಟ ಕೀಟಕ್ಕೆ ತಪ್ಪಿಸಿಕೊಳ್ಳಲು ದಾರಿಯಿರುವುದಿಲ್ಲ. ಪ್ರಾಣಿ ಹಾಗಲ್ಲ. ದನ ನಾಲಿಗೆಯಿಂದ ಹುಲ್ಲನ್ನು ಸುತ್ತಿ ಕೀಳುವುದರಿಂದ ಎತ್ತರ ತಗ್ಗುಗಳು ಉಳಿಯುತ್ತವೆ. ಕುರಿ ನೆಲಕ್ಕೆ ಹತ್ತಿರವಾಗಿ, ಹೂವನ್ನು ಆರಿಸಿ ತಿನ್ನುತ್ತದೆ. ಕುದುರೆ ಮೇಲು ಕೆಳಗಿನ ಎರಡೂ ಸಾಲಿನ ಮುಂದಿನ ಹಲ್ಲುಗಳಿಂದ ಬುಡಕ್ಕೇ ಕತ್ತರಿಸುತ್ತದೆ, ಆದರೆ ಸಗಣಿ ಹಾಕುವ ಜಾಗವನ್ನು ಮುಟ್ಟುವುದಿಲ್ಲ. ಮೇಕೆ ಹಿಂಗಾಲ ಮೇಲೆ ನಿಂತು ಪೊದೆಯನ್ನೇ ಬರಿದು ಮಾಡುತ್ತದೆ. ಗೊರಸು ಕೆದಕಿದ ಮಣ್ಣಿನಲ್ಲಿ ಬೀಜ ಮೊಳೆಯುತ್ತದೆ, ಸಗಣಿಯನ್ನು ನಂಬಿ ದುಂಬಿಗಳು, ದುಂಬಿಗಳನ್ನು ನಂಬಿ ಬಾವಲಿ ಮತ್ತು ಹಕ್ಕಿಗಳು ಬದುಕುತ್ತವೆ.

ಇದು ಎಷ್ಟು ಸೂಕ್ಷ್ಮ ಎಂಬುದಕ್ಕೆ ಬ್ರಿಟನ್ನಿನ ಲಾರ್ಜ್ ಬ್ಲೂ ಚಿಟ್ಟೆಗಿಂತ ಒಳ್ಳೆಯ ಉದಾಹರಣೆ ನನಗೆ ತಿಳಿದಿಲ್ಲ. ಇದರ ಮರಿಹುಳು ಎರಡು ಮೂರು ವಾರ ಥೈಮ್ ಗಿಡದ ಹೂವನ್ನು ತಿಂದು ನೆಲಕ್ಕೆ ಬೀಳುತ್ತದೆ. ಕೆಂಪು ಇರುವೆಯೊಂದು ಅದನ್ನು ತನ್ನದೇ ಮರಿಯೆಂದು ಭ್ರಮಿಸಿ ಗೂಡಿಗೆ ಹೊತ್ತೊಯ್ಯುತ್ತದೆ. ಅಲ್ಲಿ ಅದು ಇರುವೆಯ ಮರಿಗಳನ್ನೇ ತಿಂದು ಬೆಳೆಯುತ್ತದೆ. ಈ ಚಿಟ್ಟೆಗೆ ಒಗ್ಗುವ ಇರುವೆ ಮುಖ್ಯವಾಗಿ ಒಂದೇ ಜಾತಿಯದು, ಅದಕ್ಕೆ ಬಿಸಿಲು ತಾಗಿ ಬೆಚ್ಚಗಿರುವ ಮಣ್ಣು ಬೇಕು. ಹುಲ್ಲು ಕೆಲವೇ ಸೆಂಟಿಮೀಟರ್ ಹೆಚ್ಚು ಬೆಳೆದರೂ ಮಣ್ಣು ತಂಪಾಗುತ್ತದೆ, ಇರುವೆ ಜಾಗ ಬಿಡುತ್ತದೆ. 1950ರ ದಶಕದಲ್ಲಿ ಮಿಕ್ಸೊಮಟೋಸಿಸ್ ರೋಗ ಬಂದು ಹುಲ್ಲನ್ನು ಕಚ್ಚಿ ಕಚ್ಚಿ ಗಿಡ್ಡವಾಗಿಡುತ್ತಿದ್ದ ಮೊಲಗಳು ಸತ್ತವು. ಕಡಿದಾದ ಇಳಿಜಾರುಗಳಲ್ಲಿ ಕುರಿ ಮೇಯಿಸುವುದು ಲಾಭವಿಲ್ಲವೆಂದು ರೈತರೂ ಬಿಟ್ಟರು. ಚಿಟ್ಟೆ ಸಂಗ್ರಹಿಸುವವರನ್ನು ತಡೆಯಲು ಕೆಲವೆಡೆ ಹಾಕಿದ ಬೇಲಿ ಜಾನುವಾರುಗಳನ್ನೂ ಹೊರಗಿಟ್ಟಿತು. 1979ರಲ್ಲಿ ಲಾರ್ಜ್ ಬ್ಲೂ ಬ್ರಿಟನ್ನಿನಿಂದ ಕಣ್ಮರೆಯಾಯಿತು. ಇರುವೆಯ ಗುಟ್ಟನ್ನು ಬಿಡಿಸಿದವರು ಜೆರೆಮಿ ಥಾಮಸ್ ಎಂಬ ವಿಜ್ಞಾನಿ. ಅವರ ಅರಿವಿನ ಆಧಾರದಲ್ಲಿ ಮೇಯಿಸುವಿಕೆಯನ್ನು ಮರಳಿ ತಂದು, 1980ರ ದಶಕದಲ್ಲಿ ಸ್ವೀಡನ್ನಿನಿಂದ ತಂದ ಮರಿಹುಳುಗಳನ್ನು ಬಿಟ್ಟ ಮೇಲೆ ಚಿಟ್ಟೆ ಮತ್ತೆ ನೆಲೆಯೂರಿತು.

ಎಲ್ಲರಿಗೂ ಲಾಭ, ಮೇಯಿಸುವವನಿಗೆ ನಷ್ಟ

ಇಷ್ಟು ಒಳಿತಿದ್ದರೆ ರೈತರು ತಾವಾಗಿಯೇ ಏಕೆ ಮೇಯಿಸುವುದಿಲ್ಲ? ಸಂರಕ್ಷಣೆ ಬೇಕಾಗಿರುವ ನೆಲ ಸಾಮಾನ್ಯವಾಗಿ ಬಡ ನೆಲ. ಸುಣ್ಣದ ಗುಡ್ಡ, ಜೌಗು, ಮರಳು ದಿಬ್ಬ, ಕುರುಚಲು. ಅಲ್ಲಿನ ಹುಲ್ಲಿನಲ್ಲಿ ಕಸುವು ಕಡಿಮೆ. ಗೊಬ್ಬರ ಹಾಕಿದ ಹೊಲದಲ್ಲಿ ಮೇಯ್ದ ಕರು ಬೇಗ ತೂಕ ಹಿಡಿದರೆ ಇಲ್ಲಿಯದು ಬಹಳ ನಿಧಾನ. ಹಾಗೆಂದು ಗೊಬ್ಬರ ಹಾಕುವಂತಿಲ್ಲ. ಗೊಬ್ಬರ ಬಿದ್ದರೆ ಬಲಿಷ್ಠ ಹುಲ್ಲು ಗೆದ್ದು ಹೂಗಿಡಗಳು ಸೋಲುತ್ತವೆ. ಇಂಗ್ಲೆಂಡ್ ಮತ್ತು ವೇಲ್ಸ್‌ನ ತಗ್ಗು ಪ್ರದೇಶಗಳಲ್ಲಿ 1930ರ ದಶಕದಿಂದ 1984ರ ಹೊತ್ತಿಗೆ ಹೂವು ತುಂಬಿದ ಹುಲ್ಲುಗಾವಲುಗಳಲ್ಲಿ ಶೇ 97ರಷ್ಟು ಇಲ್ಲವಾದದ್ದು ಇದೇ ಬಗೆಯ ಸುಧಾರಣೆಯಿಂದ, ಉಳುಮೆಯಿಂದ.

ಇನ್ನೊಂದು ಕಾರಣವನ್ನು ರಸ್ತೆ ಬದಿಯ ಸಾಲುಮರದಿಂದ ತಿಳಿಯಬಹುದು. ನೆಟ್ಟು ನೀರೆರೆದವನಿಗೆ ಖರ್ಚಾಗುತ್ತದೆ, ನೆರಳು ಮಾತ್ರ ಹಾದು ಹೋಗುವ ಎಲ್ಲರದು. ನೆರಳಿಗೆ ಯಾರೂ ಬಾಡಿಗೆ ಕೊಡುವುದಿಲ್ಲ, ಕೇಳುವ ದಾರಿಯೂ ಇಲ್ಲ. ಚಿಟ್ಟೆ, ಶುದ್ಧ ನೀರು, ಬೆಂಕಿಗೆ ಸಿಗದ ಗುಡ್ಡ, ಕಣ್ಣಿಗೆ ಹಿತವಾದ ಬಯಲು, ಇವೆಲ್ಲ ಅಂಥ ನೆರಳೇ. ಅರ್ಥಶಾಸ್ತ್ರದಲ್ಲಿ ಇದನ್ನು ಸಾರ್ವಜನಿಕ ಸರಕು ಎನ್ನುತ್ತಾರೆ. ಮಾರುಕಟ್ಟೆ ಇದಕ್ಕೆ ಬೆಲೆ ಕಟ್ಟುವುದಿಲ್ಲವಾದ್ದರಿಂದ ಬೇರೆ ಯಾರಾದರೂ ಕಟ್ಟಬೇಕು.

ಖರ್ಚು ಎಲ್ಲೆಲ್ಲಿ?

ಹುಲ್ಲಿಗೆ ದುಡ್ಡು ಕೊಡಬೇಕಾಗಿಲ್ಲ ನಿಜ. ಆದರೆ ಬೇಲಿ, ಗೇಟು, ನೀರಿನ ತೊಟ್ಟಿ, ಸಾಗಾಟದ ವಾಹನ, ಪಶುವೈದ್ಯರು, ಕಿವಿಯ ಗುರುತುಪಟ್ಟಿ, ರೋಗ ಪರೀಕ್ಷೆ, ವಿಮೆ, ಚಳಿಗಾಲದ ಮೇವು ಎಲ್ಲಕ್ಕೂ ಕೊಡಬೇಕು. ಪ್ರಾಣಿಗಳು ಅಲ್ಲಿ ಮೇಯುವುದು ಕೆಲವೇ ತಿಂಗಳಾದರೆ ಉಳಿದ ತಿಂಗಳು ಅವುಗಳಿಗೆ ಬೇರೆ ನೆಲೆ ಬೇಕು. ಬಡ ಹುಲ್ಲಿನಲ್ಲೂ ಚಳಿಯಲ್ಲೂ ಬದುಕುವ ಹೈಲ್ಯಾಂಡ್ ದನ, ಎಕ್ಸ್‌ಮೂರ್ ಗಿಡ್ಡ ಕುದುರೆಯಂಥ ಗಟ್ಟಿ ನಾಟಿ ತಳಿಗಳೇ ಇದಕ್ಕೆ ಸೂಕ್ತ, ಆದರೆ ಸಾಮಾನ್ಯ ಮಾರುಕಟ್ಟೆಯಲ್ಲಿ ಅವುಗಳಿಗೆ ಬೇಡಿಕೆ ಕಡಿಮೆ. ಉಣ್ಣೆಯಿಂದಾದರೂ ಸ್ವಲ್ಪ ಬಂದೀತೆ ಎಂದರೆ, ಬ್ರಿಟನ್ನಿನಲ್ಲಿ ಎಷ್ಟೋ ಸಲ ಉಣ್ಣೆ ಕತ್ತರಿಸುವವರ ಕೂಲಿಯಷ್ಟು ಕೂಡ ಉಣ್ಣೆಗೆ ಸಿಗುವುದಿಲ್ಲ. ಜಂತುಹುಳದ ಔಷಧಿಯಲ್ಲೂ ಉಳಿತಾಯ ಸಾಧ್ಯವಿಲ್ಲ. ಐವರ್‌ಮೆಕ್ಟಿನ್‌ನಂಥ ಔಷಧಿಯ ಶೇಷ ಸಗಣಿಯಲ್ಲಿ ಉಳಿದು ಸಗಣಿ ದುಂಬಿಗಳಿಗೆ ಕೇಡು ಮಾಡುವುದರಿಂದ, ಎಲ್ಲಕ್ಕೂ ಒಟ್ಟಿಗೆ ಕುಡಿಸಿಬಿಡುವ ಬದಲು ಸಗಣಿ ಪರೀಕ್ಷಿಸಿ ಬೇಕಾದವಕ್ಕಷ್ಟೇ ಕೊಡಬೇಕಾಗುತ್ತದೆ.

ಇವೆಲ್ಲಕ್ಕಿಂತ ಭಾರವಾದ ಬಾಬ್ತು ಮನುಷ್ಯನ ಸಮಯ. ಇದನ್ನು ಯೋಜನೆ ಬರೆಯುವವರೇ ಹೆಚ್ಚಾಗಿ ಮರೆಯುತ್ತಾರೆ. ಇಂಗ್ಲೆಂಡಿನ ಕಾನೂನಿನ ಪ್ರಕಾರ, ಮನುಷ್ಯರ ಆರೈಕೆಯನ್ನು ಮೇಲಿಂದ ಮೇಲೆ ನೆಚ್ಚಿಕೊಂಡ ಸಾಕುಪ್ರಾಣಿಗಳನ್ನು ದಿನಕ್ಕೊಮ್ಮೆಯಾದರೂ ಸರಿಯಾಗಿ ಪರಿಶೀಲಿಸಬೇಕು. ಸಂರಕ್ಷಣಾ ಹಿಂಡುಗಳನ್ನು ಕೂಡ ಸಾಮಾನ್ಯವಾಗಿ ದಿನಾ ನೋಡುತ್ತಾರೆ. ಹೋಗಿ ಬರುವುದೂ ಸೇರಿ ಒಂದು ಹಿಂಡಿಗೆ ಒಂದೂವರೆ ಗಂಟೆ ಎಂದಿಟ್ಟುಕೊಳ್ಳಿ. ವರ್ಷಕ್ಕೆ ಸುಮಾರು 547 ಗಂಟೆ, ಅಂದರೆ ದಿನಕ್ಕೆ ಎಂಟು ಗಂಟೆಯಂತೆ 68 ದಿನಗಳ ದುಡಿಮೆ. ಸಂರಕ್ಷಿತ ಹುಲ್ಲುಗಾವಲುಗಳು ತುಂಡು ತುಂಡಾಗಿ ಚದುರಿರುತ್ತವೆ. ಅಂಥ ಐದು ತುಂಡುಗಳಿದ್ದರೆ 340 ದಿನ. ಇಪ್ಪತ್ತು ಕುರಿಯಿದ್ದರೂ ಇನ್ನೂರಿದ್ದರೂ ದಾರಿಯ ಸಮಯ ಅಷ್ಟೇ. ಆದ್ದರಿಂದ ಹಿಂಡು ಚಿಕ್ಕದಾದಷ್ಟೂ ಪ್ರತಿ ಕುರಿಯ ಮೇಲಿನ ಖರ್ಚು ಏರುತ್ತದೆ.

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಕಾಡ್ಗಿಚ್ಚಿಗೆ ಇಂಧನವಾಗುವ ಪೊದೆಗಳನ್ನು ಮೇಕೆಗಳಿಂದ ಮೇಯಿಸುವ ಕಂಪನಿಗಳಿವೆ. ಕುರಿಗಾಹಿಗಳ ವೇತನದ ನಿಯಮ ಬದಲಾದಾಗ, ಹಗಲೂ ರಾತ್ರಿ ಹಿಂಡಿನ ಜೊತೆಗಿರುವ ಒಬ್ಬ ಮೇಕೆಗಾಹಿಯ ತಿಂಗಳ ವೇತನ ಸುಮಾರು 3,700 ಡಾಲರ್‌ನಿಂದ 14,000 ಡಾಲರ್‌ಗೆ ಏರಬಹುದೆಂದು 2023ರಲ್ಲಿ ಆ ಕಂಪನಿಗಳು ಆತಂಕ ತೋಡಿಕೊಂಡವು. ಮೇಕೆಯ ಬೆಲೆ ಆ ಚರ್ಚೆಯಲ್ಲಿ ಬರಲೇ ಇಲ್ಲ. ಕಾಯುವವನ ಗಂಟೆಗಳಿಗೆ ನ್ಯಾಯವಾದ ಕೂಲಿ ಎಷ್ಟು ಎಂಬುದೇ ಪ್ರಶ್ನೆಯಾಗಿತ್ತು.

ಹಣ ಬರುವ ದಾರಿಗಳು

ಮೊದಲನೆಯದು ಸರ್ಕಾರದ ಪಾವತಿ. ಯುರೋಪಿನ ಬಹುತೇಕ ದೇಶಗಳಲ್ಲಿ ಪರಿಸರಕ್ಕೆ ಹಿತವಾಗುವಂತೆ ಕೃಷಿ ಮಾಡುವವರಿಗೆ ಹೆಕ್ಟೇರಿಗೆ ಇಷ್ಟು ಎಂದು ಕೊಡುವ ಯೋಜನೆಗಳಿವೆ. ಬ್ರೆಕ್ಸಿಟ್‌ನ ನಂತರ ಇಂಗ್ಲೆಂಡ್, ಜಮೀನಿನ ವಿಸ್ತೀರ್ಣ ನೋಡಿ ಕೊಡುತ್ತಿದ್ದ ಸಹಾಯಧನವನ್ನು ಹಂತಹಂತವಾಗಿ ಇಳಿಸಿ, ಸಾರ್ವಜನಿಕ ಹಣ ಸಾರ್ವಜನಿಕ ಒಳಿತಿಗೆ ಎಂಬ ತತ್ವಕ್ಕೆ ಹೊರಳಿದೆ.

ಈ ಪಾವತಿಗಳಲ್ಲಿ ಐರ್ಲೆಂಡಿನ ಬರೆನ್ ಪ್ರದೇಶದ ಮಾದರಿ ನನಗೆ ಬಹಳ ಮೆಚ್ಚುಗೆಯಾದದ್ದು. ಸುಣ್ಣದ ಕಲ್ಲಿನ ಹಾಸು ಹಾಸಾಗಿರುವ ಆ ಬೆಟ್ಟಗಳಲ್ಲಿ ದನಗಳನ್ನು ಚಳಿಗಾಲದಲ್ಲಿ ಮೇಯಿಸುವ ರೂಢಿಯಿದೆ. ಕಲ್ಲು ಬಿಸಿಲನ್ನು ಹಿಡಿದಿಟ್ಟುಕೊಳ್ಳುವುದರಿಂದ ಅಲ್ಲಿ ಚಳಿ ಅಷ್ಟು ತೀವ್ರವಲ್ಲ. ದನಗಳು ಒಣಹುಲ್ಲನ್ನೆಲ್ಲ ತಿಂದು ಮುಗಿಸಿ ಬೇಸಿಗೆಯಲ್ಲಿ ಕೆಳಗಿಳಿದ ಮೇಲೆ ಹೂಗಳಿಗೆ ಬೆಳಕು ಸಿಗುತ್ತದೆ. 2005ರಲ್ಲಿ ಆರಂಭವಾದ ಬರೆನ್‌ಲೈಫ್ ಯೋಜನೆಯಿಂದ ಬೆಳೆದ ವ್ಯವಸ್ಥೆಯಲ್ಲಿ ಪ್ರತಿ ಹುಲ್ಲುಗಾವಲಿಗೂ ಹತ್ತರೊಳಗೆ ಅಂಕ ಕೊಡುತ್ತಾರೆ. ಅಂಕ ಹೆಚ್ಚಿದ್ದಷ್ಟೂ ರೈತನಿಗೆ ಹಣ ಹೆಚ್ಚು. ಅದನ್ನು ಮಾಡು, ಇದನ್ನು ಮಾಡಬೇಡ ಎಂಬ ಉದ್ದನೆಯ ಪಟ್ಟಿಯ ಬದಲು ಫಲಿತಾಂಶಕ್ಕೇ ಹಣ. ಯಾವಾಗ ದನ ಏರಿಸಬೇಕು, ಯಾವಾಗ ಇಳಿಸಬೇಕೆಂಬುದು ರೈತನ ತಿಳಿವಳಿಕೆಗೆ ಬಿಟ್ಟದ್ದು. ಕಲ್ಲುಗೋಡೆ ಕಟ್ಟಲು, ಹೇಝಲ್ ಪೊದೆ ಕಡಿಯಲು, ನೀರಿನ ವ್ಯವಸ್ಥೆಗೆ ಬೇರೆ ನೆರವಿದೆ. ರೈತನ ಅನುಭವಕ್ಕೆ ಹೀಗೆ ಬೆಲೆ ಕೊಟ್ಟದ್ದೇ ಈ ಮಾದರಿಯ ಗಟ್ಟಿತನ.

ಸ್ಪೇನಿನ ಆಂಡಲೂಸಿಯಾದಲ್ಲಿ ಕಾಡಿನ ನಡುವಿನ ಬೆಂಕಿತಡೆ ಪಟ್ಟಿಗಳನ್ನು ಮೇಯಿಸಿ ಬರಿದಾಗಿಡುವ ಕುರಿಗಾಹಿಗಳಿಗೆ ಸರ್ಕಾರ ಹಣ ಕೊಡುತ್ತದೆ. ಕ್ಯಾಟಲೋನಿಯಾದಲ್ಲಿ, ಬೆಂಕಿಯ ಅಪಾಯವಿರುವ ಕಾಡಿನಲ್ಲಿ ಮೇಯ್ದ ಹಿಂಡಿನ ಮಾಂಸ ಮತ್ತು ಚೀಸ್‌ಗೆ ರಮಾಟ್ಸ್ ದೆ ಫೋಕ್ ಎಂಬ ಗುರುತು ಅಂಟಿಸಿ ಮಾರುತ್ತಾರೆ. ಕೊಳ್ಳುವವರೇ ಸಂರಕ್ಷಣೆಗೆ ಪಾಲು ಕೊಟ್ಟಂತೆ. ದತ್ತಿ ಸಂಸ್ಥೆಗಳಿಗೆ ಸದಸ್ಯತ್ವದ ಹಣವಿದೆ, ಲಾಟರಿ ನಿಧಿಗಳಿವೆ. ಕೆಂಟ್ ವೈಲ್ಡ್‌ಲೈಫ್ ಟ್ರಸ್ಟ್ ಮತ್ತು ವೈಲ್ಡ್‌ವುಡ್ ಟ್ರಸ್ಟ್ ಸೇರಿ 2022ರ ಜುಲೈನಲ್ಲಿ ಕ್ಯಾಂಟರ್ಬರಿ ಬಳಿಯ ಬ್ಲೀನ್ ಕಾಡಿಗೆ ಕಾಡೆಮ್ಮೆಯಂಥ ಬೈಸನ್‌ಗಳನ್ನು ಬಿಟ್ಟದ್ದು ಲಾಟರಿಯ ನೆರವಿನಿಂದಲೇ.

ಜಮೀನಿನ ಮಾಲೀಕ ಮತ್ತು ಹಿಂಡಿನ ಒಡೆಯ ಬೇರೆ ಬೇರೆಯಾಗಿದ್ದಾಗ ಇನ್ನೊಂದು ವಿಚಿತ್ರ ನಡೆಯುತ್ತದೆ. ಒಳ್ಳೆಯ ಹುಲ್ಲಿದ್ದರೆ ಹಿಂಡಿನವನು ಬಾಡಿಗೆ ಕೊಡುತ್ತಾನೆ. ಹುಲ್ಲು ಬಡವಾದಂತೆ ಬಾಡಿಗೆ ಸೊನ್ನೆಯಾಗುತ್ತದೆ. ಇನ್ನೂ ಕಷ್ಟದ ಜಾಗವಾದರೆ ಮಾಲೀಕನೇ ಹಿಂಡಿನವನಿಗೆ ಹಣ ಕೊಟ್ಟು ಕರೆಸುತ್ತಾನೆ.

ಬೇಲಿಯೊಳಗೆ ಬಿಟ್ಟ ಮೇಲೆ ಹೊಣೆ ನಮ್ಮದು

ನೆದರ್ಲ್ಯಾಂಡ್ಸ್‌ನ ಓಸ್ಟ್‌ಫಾರ್ಡರ್ಸ್‌ಪ್ಲಾಸೆನ್ ಸಮುದ್ರದಿಂದ ಪಡೆದ ನೆಲ. 1980ರ ದಶಕದಿಂದ ಅಲ್ಲಿ ಹೆಕ್ ದನಗಳು, ಕೊನಿಕ್ ಕುದುರೆಗಳು, ಕೆಂಜಿಂಕೆಗಳನ್ನು ಬಿಟ್ಟು ಪ್ರಕೃತಿಯೇ ನೋಡಿಕೊಳ್ಳಲಿ ಎಂದು ಸುಮ್ಮನಿದ್ದರು. ಸಂಖ್ಯೆ ಏರಿತು. ವಲಸೆ ಹೋಗಲು ದಾರಿಯಿಲ್ಲ, ಬೇಟೆಯಾಡುವ ತೋಳಗಳಿಲ್ಲ. 2017–18ರ ಚಳಿಗಾಲದಲ್ಲಿ ಮೇವಿಲ್ಲದೆ 3,000ಕ್ಕೂ ಹೆಚ್ಚು ಪ್ರಾಣಿಗಳು ಇಲ್ಲವಾದವು, ಹೆಚ್ಚಿನವನ್ನು ಹಸಿವಿನಿಂದ ನರಳದಿರಲೆಂದು ಗುಂಡಿಕ್ಕಿ ಕೊಂದದ್ದು. ನೋಡಲಾರದ ಜನ ಬೇಲಿಯಾಚೆಗೆ ಹುಲ್ಲಿನ ಕಟ್ಟುಗಳನ್ನು ಎಸೆದರು. ಆ ವರ್ಷವೇ ಪ್ರಾಂತೀಯ ಸರ್ಕಾರ ನೀತಿ ಬದಲಿಸಿ ಪ್ರಾಣಿಗಳ ಸಂಖ್ಯೆಗೆ ಮಿತಿ ಹಾಕಿತು. ಬೇಲಿಯೊಳಗಿನ ಪ್ರಾಣಿಯನ್ನು ದಿನಾ ಕಾಣುವ ಕಣ್ಣು ಬೇಕು, ಕಂಡದ್ದನ್ನು ಸರಿಪಡಿಸುವ ಹೊಣೆಗಾರನೂ ಬೇಕು. ಸ್ವಯಂಸೇವಕರು ಬರುವುದು ಮೊದಲನೆಯ ಕೆಲಸಕ್ಕೆ.

ಸ್ವಯಂಸೇವಕರು ಮಾಡುವುದೇನು?

ಇಂಗ್ಲೆಂಡಿನ ರೋಮ್ನಿ ಮಾರ್ಷ್ ಬಯಲಿನಲ್ಲಿ ಹಿಂದೆ ಹಲವು ಒಡೆಯರ ಕುರಿಗಳನ್ನು ಕೂಲಿಗೆ ನೋಡಿಕೊಳ್ಳುವ ಲುಕರ್‌ಗಳಿದ್ದರು. ಇಂದು ಬ್ರೈಟನ್ ನಗರಾಡಳಿತ ತನ್ನ ಸುತ್ತಲಿನ ಸುಣ್ಣದ ಗುಡ್ಡಗಳಲ್ಲಿ ಮೇಯುವ ಕುರಿಗಳಿಗಾಗಿ ನಗರವಾಸಿಗಳಿಗೆ ತರಬೇತಿ ಕೊಟ್ಟು ಅದೇ ಕೆಲಸಕ್ಕೆ ಸಜ್ಜುಗೊಳಿಸುತ್ತದೆ. ಶಿಕ್ಷಕರು, ನಿವೃತ್ತರು, ಕಚೇರಿಗೆ ಹೋಗುವವರು ಸರದಿಯ ಮೇಲೆ ಗುಡ್ಡ ಹತ್ತುತ್ತಾರೆ.

ಮೊದಲ ಕೆಲಸ ಎಣಿಸುವುದು. ಇದು ತೋರುವಷ್ಟು ಸುಲಭವಲ್ಲ, ಪೊದೆಗಳ ನಡುವೆ ಚಲಿಸುವ ನಲವತ್ತು ಕುರಿಗಳನ್ನು ಎರಡು ಸಲ ಎಣಿಸಿದರೆ ಎರಡು ಲೆಕ್ಕ ಬರುತ್ತದೆ. ಸಂಖ್ಯೆ ಕಡಿಮೆಯಿದ್ದರೆ ಹುಡುಕಬೇಕು, ಏಕೆಂದರೆ ಕಾಣೆಯಾದದ್ದೇ ಹೆಚ್ಚಾಗಿ ಕಷ್ಟದಲ್ಲಿರುವ ಪ್ರಾಣಿ. ಮುಳ್ಳಿನಲ್ಲಿ ಉಣ್ಣೆ ಸಿಕ್ಕಿಕೊಂಡಿರಬಹುದು. ಅಂಗಾತ ಬಿದ್ದಿರಬಹುದು. ಉಣ್ಣೆ ತುಂಬಿದ ಕುರಿ ಅಂಗಾತ ಬಿದ್ದರೆ ತಾನಾಗಿ ಏಳಲಾರದು, ಹೊಟ್ಟೆಯಲ್ಲಿ ಅನಿಲ ತುಂಬಿ ಕೆಲವೇ ಗಂಟೆಗಳಲ್ಲಿ ಸಾಯಬಹುದು. ಮಗುಚಿ ನಿಲ್ಲಿಸಿ, ಕಾಲಿಗೆ ಬಲ ಬರುವವರೆಗೆ ಹಿಡಿದುಕೊಂಡರೆ ಬದುಕುತ್ತದೆ. ದೂರದಿಂದ ಬಂದ ಒಬ್ಬ ಅನನುಭವಿಯ ಐದು ನಿಮಿಷ ಒಂದು ಜೀವವನ್ನು ಉಳಿಸುವುದು ಹೀಗೆ.

ಉಳಿದದ್ದು ಗಮನಿಸುವ ಕೆಲಸ. ಯಾವುದು ಕುಂಟುತ್ತಿದೆ, ಯಾವುದು ಹಿಂಡಿನಿಂದ ದೂರ ನಿಂತಿದೆ, ಯಾವುದು ಮೆಲುಕು ಹಾಕುತ್ತಿಲ್ಲ. ಬಾಲ ಅಲುಗಿಸುತ್ತ ಬೆನ್ನು ಕಚ್ಚಿಕೊಳ್ಳುವ ಕುರಿಯ ಉಣ್ಣೆಯೊಳಗೆ ನೊಣ ಮೊಟ್ಟೆಯಿಟ್ಟು ಹುಳು ಬಿದ್ದಿರಬಹುದು. ಬೇಸಿಗೆಯಲ್ಲಿ ಇದನ್ನು ಒಂದು ದಿನ ತಡವಾಗಿ ಕಂಡರೂ ಪ್ರಾಣಕ್ಕೆ ಸಂಚಕಾರ. ತೊಟ್ಟಿಯಲ್ಲಿ ನೀರಿದೆಯೇ, ಬೇಲಿಯಲ್ಲಿ ವಿದ್ಯುತ್ ಹರಿಯುತ್ತಿದೆಯೇ, ಯಾರಾದರೂ ಗೇಟು ತೆರೆದು ಹೋಗಿದ್ದಾರೆಯೇ ಎಂದೂ ನೋಡಬೇಕು. ವಾಯುವಿಹಾರಕ್ಕೆ ಬಂದವರೊಡನೆ ಮಾತನಾಡಿ ನಾಯಿಯನ್ನು ಹಗ್ಗದಲ್ಲಿ ಹಿಡಿಯುವಂತೆ ಕೇಳಿಕೊಳ್ಳಬೇಕು. ನಾಯಿ ಕಚ್ಚದಿದ್ದರೂ ಬೆನ್ನಟ್ಟಿದರೆ ಸಾಕು, ಗಬ್ಬದ ಕುರಿ ಕಂದು ಹಾಕಬಹುದು. ಕುರಿಗಳು ಅಲ್ಲೇಕಿವೆ ಎಂದು ನೆರೆಹೊರೆಯವರಿಗೆ ವಿವರಿಸುವ ಈ ಮಾತುಕತೆಯ ಬೆಲೆಯನ್ನು ಯಾವ ಲೆಕ್ಕಪುಸ್ತಕವೂ ತೋರಿಸುವುದಿಲ್ಲ.

ಔಷಧಿ ಕೊಡುವುದು, ಗೊರಸು ಕತ್ತರಿಸುವುದು, ಹಿಂಡನ್ನು ಲಾರಿಗೆ ಹತ್ತಿಸುವುದು ಸಾಮಾನ್ಯವಾಗಿ ಇವರ ಕೆಲಸವಲ್ಲ. ತೊಂದರೆ ಕಂಡರೆ ಫೋನ್ ಮಾಡುತ್ತಾರೆ, ಆಚೆ ಬದಿಯಲ್ಲಿ ಫೋನ್ ಎತ್ತುವ, ಅರ್ಧ ಗಂಟೆಯಲ್ಲಿ ಬರಬಲ್ಲ ಅನುಭವಿಯೊಬ್ಬರು ಇರಲೇಬೇಕು. ಪೊದೆ ಕಡಿಯುವುದು, ಕಲ್ಲುಗೋಡೆ ಕಟ್ಟುವುದು, ಹೂ ಚಿಟ್ಟೆಗಳನ್ನು ಎಣಿಸುವುದು ಬೇರೆ ತಂಡಗಳ ಕೆಲಸ. ಬರೆನ್‌ನಲ್ಲಿ ಬರೆನ್‌ಬಿಯೊ ಟ್ರಸ್ಟ್‌ನ ಸ್ವಯಂಸೇವಕರು ಇಂಥವನ್ನು ಮಾಡುತ್ತಾರೆ.

ಸಂಬಳವಿಲ್ಲದ ಕೆಲಸಕ್ಕೂ ಖರ್ಚಿದೆ

ಸ್ವಯಂಸೇವಕರ ಗಂಟೆಗಳಿಗೆ ಕಾಗದದ ಮೇಲೆ ಬೆಲೆಯಿದೆ. ಬ್ರಿಟನ್ನಿನ ನ್ಯಾಷನಲ್ ಲಾಟರಿ ಹೆರಿಟೇಜ್ ಫಂಡ್ ಬಹುಕಾಲ ಸಾಮಾನ್ಯ ಕೆಲಸದ ದಿನಕ್ಕೆ 50 ಪೌಂಡ್, ಕೌಶಲದ ಕೆಲಸಕ್ಕೆ 150, ವೃತ್ತಿಪರರ ಕೆಲಸಕ್ಕೆ 350 ಪೌಂಡ್ ಎಂದು ಎಣಿಸುತ್ತಿತ್ತು. ಅನುದಾನ ಕೇಳುವ ಸಂಸ್ಥೆ ಇದನ್ನು ತನ್ನ ಪಾಲಿನ ಬಂಡವಾಳವಾಗಿ ತೋರಿಸಬಹುದಿತ್ತು.

ಹಾಗೆಂದು ಅವರು ಪುಕ್ಕಟೆ ಅಲ್ಲ. ತರಬೇತಿ, ವಿಮೆ, ಸರದಿ ಪಟ್ಟಿ ಮಾಡುವ ಒಬ್ಬ ಸಂಯೋಜಕ, ಪ್ರಯಾಣದ ಖರ್ಚು ಬೇಕು. ಕ್ರಿಸ್ಮಸ್ ದಿನವೂ ಕುರಿ ಎಣಿಸಬೇಕು, ಜಡಿಮಳೆಯಲ್ಲೂ ಎಣಿಸಬೇಕು. ಬೇಸಿಗೆಯ ಭಾನುವಾರಕ್ಕೆ ಹತ್ತು ಹೆಸರು ಬಂದರೆ ಫೆಬ್ರವರಿಯ ಮಂಗಳವಾರಕ್ಕೆ ಒಂದೂ ಬರದಿರಬಹುದು, ಆ ತೆರವನ್ನು ಸಂಬಳದವರೇ ತುಂಬಬೇಕು. ಪ್ರಾಣಿಗೆ ಏನಾದರೂ ಆದರೆ ಕಾನೂನಿನ ಮುಂದೆ ಅದರ ಒಡೆಯ ಸ್ವಯಂಸೇವಕನ ಕಡೆ ಕೈ ತೋರಿಸಿ ಪಾರಾಗುವಂತಿಲ್ಲ. ಇನ್ನೂ ಒಂದು ಮಾತನ್ನು ಹೇಳಲೇಬೇಕು: ಕೂಲಿ ಕೊಟ್ಟು ಕುರಿಗಾಹಿಯನ್ನು ನೇಮಿಸಬಹುದಾದ ಕಡೆ ಆ ಉದ್ಯೋಗವನ್ನು ತಪ್ಪಿಸಲು ಸ್ವಯಂಸೇವಕರನ್ನು ಬಳಸುವುದು ಸರಿಯಲ್ಲ. ಚೆನ್ನಾಗಿ ನಡೆಯುವ ಕಡೆಗಳಲ್ಲಿ ಅವರು ಕುರಿಗಾಹಿಯ ಕಣ್ಣನ್ನು ಐದಾರು ಜಾಗಗಳಿಗೆ ವಿಸ್ತರಿಸುತ್ತಾರೆ, ಅವನ ಜಾಗದಲ್ಲಿ ಕೂರುವುದಿಲ್ಲ.

ಕೊರಳಪಟ್ಟಿಯ ತಂತ್ರಜ್ಞಾನವೂ ಈ ಲೆಕ್ಕವನ್ನು ಸ್ವಲ್ಪ ಬದಲಿಸಿದೆ. ನಾರ್ವೆಯ ನೋಫೆನ್ಸ್ ಕಂಪನಿಯ ಜಿಪಿಎಸ್ ಪಟ್ಟಿ, ಪ್ರಾಣಿ ಗಡಿಗೆ ಹತ್ತಿರವಾದಾಗ ಸದ್ದು ಮಾಡುತ್ತದೆ, ದಾಟಲು ಹೋದರೆ ಸಣ್ಣ ವಿದ್ಯುತ್ ಆಘಾತ ಕೊಡುತ್ತದೆ. ಲಂಡನ್ ಬಳಿಯ ಎಪ್ಪಿಂಗ್ ಫಾರೆಸ್ಟ್‌ನಲ್ಲಿ ಲಾಂಗ್‌ಹಾರ್ನ್ ದನಗಳು ಬೇಲಿಯಿಲ್ಲದೆ ಹೀಗೆ ಮೇಯುತ್ತವೆ. ಬೇಲಿಯ ಖರ್ಚು ಉಳಿಯುತ್ತದೆ, ಹುಡುಕುವ ಸಮಯ ಉಳಿಯುತ್ತದೆ. ಕುಂಟುವ ದನವನ್ನು ಕಾಣಲು ಮಾತ್ರ ಇನ್ನೂ ಯಾರಾದರೂ ಹತ್ತಿರ ಹೋಗಿ ನೋಡಬೇಕು.

ಯೋಜನೆ ಮುಗಿದರೆ ಹಿಂಡಿನ ಗತಿ?

ಅನುದಾನಗಳು ಸಾಮಾನ್ಯವಾಗಿ ಮೂರು, ಐದು, ಹತ್ತು ವರ್ಷಗಳವು. ಹುಲ್ಲು ಪ್ರತಿ ವರ್ಷ ಬೆಳೆಯುತ್ತದೆ. ಹಣ ನಿಂತರೆ ಮೊದಲು ಮಾರಾಟವಾಗುವುದು ಹಿಂಡು, ಎರಡು ಮೂರು ವರ್ಷಗಳಲ್ಲಿ ಕುರುಚಲು ಹಿಂತಿರುಗುತ್ತದೆ. ಮತ್ತೆ ಹಣ ಬಂದಾಗ ಹೊಸ ಹಿಂಡು ಕೊಂಡರಾಯಿತು ಎನ್ನುವಂತಿಲ್ಲ ಎಂಬುದನ್ನು ಬ್ರಿಟನ್ 2001ರಲ್ಲಿ ಕಷ್ಟಪಟ್ಟು ಕಲಿಯಿತು.

ಲೇಕ್ ಡಿಸ್ಟ್ರಿಕ್ಟ್‌ನ ಬೆಟ್ಟಗಳಲ್ಲಿ ಹರ್ಡ್‌ವಿಕ್ ಕುರಿಗಳು ಬೇಲಿಯಿಲ್ಲದಿದ್ದರೂ ತಮ್ಮ ತಮ್ಮ ಸರಹದ್ದಿನಲ್ಲೇ ಮೇಯುತ್ತವೆ. ತಾಯಿಯ ಬೆನ್ನ ಹಿಂದೆ ತಿರುಗಿ ಮರಿ ಆ ಸರಹದ್ದನ್ನು ಕಲಿಯುತ್ತದೆ, ಹಾಗೆ ತಲೆಮಾರಿನಿಂದ ತಲೆಮಾರಿಗೆ ಅರಿವು ಸಾಗುತ್ತದೆ. ಆ ವರ್ಷ ಕಾಲುಬಾಯಿ ರೋಗ ಹರಡದಂತೆ ಬ್ರಿಟನ್ನಿನಾದ್ಯಂತ 60 ಲಕ್ಷಕ್ಕೂ ಹೆಚ್ಚು ಜಾನುವಾರುಗಳನ್ನು ಕೊಂದಾಗ ಇಂಥ ಅನೇಕ ಹಿಂಡುಗಳೂ ಹೋದವು. ಹೊರಗಿನಿಂದ ತಂದ ಕುರಿಗಳಿಗೆ ಬೆಟ್ಟದ ಪರಿಚಯವಿರಲಿಲ್ಲ. ಅವು ತಮ್ಮ ಎಲ್ಲೆಯನ್ನು ಕಲಿಯುವವರೆಗೆ ತಾತ್ಕಾಲಿಕ ಬೇಲಿ ಹಾಕಿ, ಕುರಿಗಾಹಿಗಳು ಹಿಂದೆಯೇ ನಿಂತು ತಿರುಗಿಸಬೇಕಾಯಿತು. ಹಿಂಡಿನ ತಲೆಯೊಳಗೆ ಅದುವರೆಗೆ ಪುಕ್ಕಟೆಯಾಗಿ ಇದ್ದ ಆ ಬೇಲಿಗೆ ಯಾವ ಯೋಜನೆಯ ಆಯವ್ಯಯದಲ್ಲೂ ಬೆಲೆ ಬರೆದಿರಲಿಲ್ಲ. ಅದನ್ನು ಮತ್ತೆ ಕಟ್ಟುವುದಕ್ಕೆ ವರ್ಷಗಳೂ ಹಣವೂ ಹಿಡಿದವು.